ಮುಮ್ಮಡಿ ಲಾಭದ ಬಾಗಿಲು ತೆರೆದಿರಬೇಕೆ?



ಕಳೆದ ತಿಂಗಳು ನಿವೃತ್ತ ಹೈಸ್ಕೂಲು ಮಾಸ್ತರರೊಬ್ಬರಿಂದ ನಾಲ್ಕು ಪುಟಗಳ ಕಾಗದ ಬಂದಿತು. ಅವರ ಒಪ್ಪಿಗೆ ಪಡೆದೇ, ಊರು ಹೆಸರುಗಳನ್ನು ಬಿಟ್ಟು, ಅದರ ಸಾರಾಂಶವನ್ನು ಇಲ್ಲಿ ಕೊಡುತ್ತಿದ್ದೇನೆ. ಅವರ ಮಗ ಅಮೆರಿಕೆಯಲ್ಲಿ ಸಾಫ್ಟ್‌ವೇರ್ ಇಂಜಿನಿಯರು. ಮನೆ ಕೊಳ್ಳುವುದಕ್ಕೆಂದು ಗಂಡಹೆಂಡಿರು ವರ್ಷಗಟ್ಟಲೆ ಕೂಡಿಟ್ಟ ಹಣದಲ್ಲಿ 40,000 ಡಾಲರುಗಳನ್ನು ಆತ 2022ರ ಆರಂಭದಲ್ಲಿ ಒಂದು ಫಂಡಿನಲ್ಲಿ ತೊಡಗಿಸಿದ. ಅಲ್ಲಿಯ ನ್ಯಾಸ್‌ಡ್ಯಾಕ್-100 ಎಂಬ ಸೂಚ್ಯಂಕ ಒಂದು ದಿನದಲ್ಲಿ ಎಷ್ಟು ಏರುತ್ತದೆಯೋ ಅದರ ಮೂರು ಪಟ್ಟು ಏರುವುದಾಗಿ ಹೇಳಿಕೊಳ್ಳುವ ಫಂಡು ಅದು. ವರ್ಷದ ಕೊನೆಗೆ ಮಾರಿದಾಗ ಕೈಗೆ ಬಂದದ್ದು ಸುಮಾರು 8,400 ಡಾಲರು. ಹೆಂಡತಿಗೆ ಈ ಸಂಗತಿ ತಿಳಿದದ್ದು ಮರುವರ್ಷ ತೆರಿಗೆಯ ಕಾಗದಗಳನ್ನು ಹೊಂದಿಸುವಾಗ. ತಂದೆಗೆ ತಿಳಿದದ್ದು ಅದಕ್ಕಿಂತ ಎಷ್ಟೋ ತಡವಾಗಿ, ಸೊಸೆಯ ಬಾಯಿಂದ.

ಮಾಸ್ತರರು ಕೊನೆಯಲ್ಲಿ ಎರಡು ಪ್ರಶ್ನೆ ಕೇಳಿದ್ದಾರೆ. ಎರಡನೆಯದನ್ನು ಆಮೇಲೆ ನೋಡೋಣ. ಮೊದಲನೆಯದು ಇದು: "ಶಾಸ್ತ್ರಿಗಳೇ, ಅಷ್ಟು ದೊಡ್ಡ ದೇಶ, ಅಷ್ಟು ಕಾಯಿದೆ ಕಟ್ಟಳೆ. ವಿಷದ ಬಾಟಲಿಯನ್ನು ಅಂಗಡಿಯ ಮುಂಗಟ್ಟಿನಲ್ಲಿಟ್ಟು ಮಾರಲು ಬಿಡಬಹುದೆ? ಸರಕಾರ ಇದನ್ನು ತಡೆಯಬಾರದೆ?" ಕಾಗದದ ಜೊತೆಗೆ ಮಗನ ಉತ್ತರದ ಒಂದು ಪ್ರತಿಯನ್ನೂ ಇಟ್ಟಿದ್ದರು. ಅದನ್ನು ಓದಿ ನನಗೆ ಆಶ್ಚರ್ಯವಾಯಿತು. ಹಣ ಕಳೆದುಕೊಂಡವನೇ ನಿಷೇಧಕ್ಕೆ ವಿರೋಧಿ! "ಅಪ್ಪಾಜಿ, ತಪ್ಪು ಫಂಡಿನದಲ್ಲ. ಮೊದಲ ಪುಟದಲ್ಲೇ ಬರೆದದ್ದನ್ನು ನಾನು ಓದಲಿಲ್ಲ. ನಾನು ಓದಲಿಲ್ಲವೆಂದು ಓದಿ ಕೊಳ್ಳುವವರ ಬಾಗಿಲನ್ನೂ ಮುಚ್ಚುವುದು ಯಾವ ನ್ಯಾಯ?" ಎಂದು ಆತ ಕೇಳಿದ್ದಾನೆ.

ತಂದೆ ಮಕ್ಕಳ ಈ ವಾದದಲ್ಲಿ ತೀರ್ಪು ಹೇಳಲು ನಾನು ಅರ್ಥಶಾಸ್ತ್ರಿಯಲ್ಲ. ಪಾಠಶಾಲೆಯಲ್ಲಿ ವ್ಯಾಕರಣ ತರ್ಕಗಳನ್ನು ಓದಿದವನಿಗೆ ಶೇರು ಪೇಟೆಯ ಗೊಡವೆ ಏಕೆಂದು ಕೆಲವರು ಕೇಳಿಯಾರು. ಆದರೆ ನಮ್ಮ ಮಕ್ಕಳು ದುಡಿಯುವ ಊರುಗಳಲ್ಲಿ ನಡೆಯುವ ವ್ಯವಹಾರ ನಮ್ಮ ಅಡುಗೆಮನೆಯವರೆಗೂ ಬಂದು ಮುಟ್ಟುವಾಗ, ತಿಳಿದುಕೊಳ್ಳದೆ ಕೂಡ್ರುವುದು ಸಲ್ಲದು. ಅಲ್ಲದೆ ಈ ವಿಷಯದ ತಿರುಳು ಇರುವುದು ಗಣಿತದಲ್ಲಿ, ಅದೂ ಐದನೆಯ ಇಯತ್ತೆಯ ಗಣಿತದಲ್ಲಿ. ಕಾಗದ ಪೆನ್ಸಿಲು ತೆಗೆದುಕೊಂಡು ಕೂತರೆ ಯಾರಿಗಾದರೂ ತಿಳಿಯುತ್ತದೆ.

ಸಾಧಾರಣ ಸೂಚ್ಯಂಕದ ಫಂಡು ನೂರಾರು ಕಂಪನಿಗಳ ಶೇರುಗಳನ್ನು ಕೊಂಡಿಟ್ಟುಕೊಂಡು, ಅವು ಏರಿದರೆ ಏರುತ್ತದೆ, ಇಳಿದರೆ ಇಳಿಯುತ್ತದೆ. ಇಮ್ಮಡಿ ಮುಮ್ಮಡಿ ಫಂಡುಗಳು ಹಾಗಲ್ಲ. ಅವು ದೊಡ್ಡ ಬ್ಯಾಂಕುಗಳೊಡನೆ ಸ್ವಾಪ್ ಎಂಬ ಕರಾರುಗಳನ್ನೂ ಫ್ಯೂಚರ್ಸ್ ಕರಾರುಗಳನ್ನೂ ಮಾಡಿಕೊಂಡು, ಕೈಯಲ್ಲಿರುವ ಹಣದ ಎರಡು ಮೂರು ಪಟ್ಟು ಬೆಲೆಯ ಪಣವನ್ನು ಕಟ್ಟುತ್ತವೆ. ಸಾಲ ತೆಗೆದು ಶೇರು ಕೊಂಡಂತೆಯೇ ಇದು. ಸಾಲದ ಬಡ್ಡಿ ಫಂಡಿನ ಹೊಟ್ಟೆಯೊಳಗೇ ಕರಗಿರುತ್ತದೆ. ಮತ್ತೊಂದು ಬಗೆಯದಕ್ಕೆ ಇನ್ವರ್ಸ್ ಫಂಡು ಎಂದು ಹೆಸರು, ನಾವು ವಿಲೋಮ ಫಂಡು ಎನ್ನಬಹುದು. ಸೂಚ್ಯಂಕ ಇಳಿದರೆ ಇದು ಏರುತ್ತದೆ, ಏರಿದರೆ ಇಳಿಯುತ್ತದೆ. ವಿಲೋಮದಲ್ಲಿಯೂ ಇಮ್ಮಡಿ ಮುಮ್ಮಡಿಗಳುಂಟು. ಅಮೆರಿಕೆಯಲ್ಲಿ ಇವು ಇ.ಟಿ.ಎಫ್. ರೂಪದಲ್ಲಿ ಬಂದದ್ದು 2006ರಲ್ಲಿ. ಅಂದಿನಿಂದ ಯಾವ ಶೇರನ್ನಾದರೂ ಕೊಳ್ಳುವಂತೆ, ಮೊಬೈಲಿನಲ್ಲಿ ಬೆರಳೊತ್ತಿ, ಯಾರನ್ನೂ ಕೇಳದೆ ಇವನ್ನು ಕೊಳ್ಳಬಹುದಾಗಿದೆ.

ಎಲ್ಲ ತೊಡಕೂ ಅಡಗಿರುವುದು "ಒಂದು ದಿನದಲ್ಲಿ" ಎಂಬ ಸಣ್ಣ ಮಾತಿನಲ್ಲಿ. ಈ ಫಂಡುಗಳು ಮೂರು ಪಟ್ಟು ಕೊಡುತ್ತೇವೆಂದು ಹೇಳುವುದು ದಿನದ ಏರಿಳಿತಕ್ಕೆ ಮಾತ್ರ. ತಿಂಗಳಿನ ಅಥವಾ ವರ್ಷದ ಏರಿಳಿತಕ್ಕಲ್ಲ. ಪ್ರತಿ ಸಂಜೆ ಪಣವನ್ನು ಹೊಸದಾಗಿ ಅಳೆದು ಸರಿಪಡಿಸುತ್ತಾರೆ. ಪೇಟೆ ಏರಿದ ದಿನ ಇನ್ನಷ್ಟು ಕೊಳ್ಳಬೇಕು, ಇಳಿದ ದಿನ ಮಾರಬೇಕು. ಏರಿದಾಗ ಕೊಳ್ಳುವುದು, ಇಳಿದಾಗ ಮಾರುವುದು, ಇದನ್ನು ನಮ್ಮ ಸಂತೆಯ ದನದ ವ್ಯಾಪಾರಿಯೂ ಮಾಡಲಾರ!

ಈಗ ಲೆಕ್ಕ ಮಾಡೋಣ. ಸೂಚ್ಯಂಕ 100ರಲ್ಲಿದೆ. ಮೊದಲ ದಿನ ಶೇಕಡಾ 10 ಏರಿ 110 ಆಯಿತು. ಮರುದಿನ ಶೇಕಡಾ 10 ಇಳಿದು 99 ಆಯಿತು. ನಷ್ಟ 1 ರೂಪಾಯಿ. ಇಮ್ಮಡಿ ಫಂಡು ಮೊದಲ ದಿನ 120, ಮರುದಿನ ಅದರಲ್ಲಿ ಶೇಕಡಾ 20 ಕಳೆದು 96. ನಷ್ಟ 2 ಅಲ್ಲ, 4. ಮುಮ್ಮಡಿ ಫಂಡು ಮೊದಲ ದಿನ 130, ಮರುದಿನ 91. ನಷ್ಟ 3 ಅಲ್ಲ, 9. ಇಷ್ಟನ್ನು ಯಾರಾದರೂ ಊಹಿಸಿಯಾರು. ಇನ್ನು ಸೂಚ್ಯಂಕ ಇಳಿಯುತ್ತದೆಂದು ನಂಬಿ ಇಮ್ಮಡಿ ವಿಲೋಮ ಫಂಡು ಕೊಂಡವನ ಗತಿ ನೋಡಿರಿ. ಮೊದಲ ದಿನ 80, ಮರುದಿನ ಶೇಕಡಾ 20 ಏರಿ 96. ಸೂಚ್ಯಂಕ ಇಳಿದದ್ದು ನಿಜ, ಆತನ ಊಹೆ ಸರಿಯಾಗಿತ್ತು, ಆದರೂ 4 ರೂಪಾಯಿ ಹೋಯಿತು. ಏರುತ್ತದೆ ಎಂದವನೂ ಕಳೆದುಕೊಂಡ, ಇಳಿಯುತ್ತದೆ ಎಂದವನೂ ಕಳೆದುಕೊಂಡ. ಇದೇ ಜೋಡಿ ದಿನಗಳು ಹತ್ತು ಸಲ ಬಂದವೆಂದರೆ, ಅಂದರೆ ಪೇಟೆ ನಡೆಯುವ 20 ದಿನಗಳ ಕೊನೆಗೆ, ಸೂಚ್ಯಂಕ ಸುಮಾರು 90ರಲ್ಲಿರುತ್ತದೆ, ಮುಮ್ಮಡಿ ಫಂಡು 39ರಲ್ಲಿ.

ಒಂದು ಪಕ್ಷವನ್ನಷ್ಟೇ ಹೇಳಿದರೆ ತರ್ಕಕ್ಕೆ ದ್ರೋಹವಾದೀತು. ಸೂಚ್ಯಂಕ ಮೂರು ದಿನ ಬಿಡದೆ ಶೇಕಡಾ 10ರಂತೆ ಏರಿದರೆ 133 ರೂಪಾಯಿ 10 ಪೈಸೆ ಆಗುತ್ತದೆ; ಮುಮ್ಮಡಿ ಫಂಡು 219 ರೂಪಾಯಿ 70 ಪೈಸೆ. ಲಾಭ ಮೂರು ಪಟ್ಟಿಗಿಂತಲೂ ಹೆಚ್ಚು. ಏರುವ ಪೇಟೆ ಒಂದೇ ದಿಕ್ಕಿಗೆ ಏರುತ್ತಿದ್ದರೆ ಇದು ಕಾಮಧೇನು. ತೂಗುಯ್ಯಾಲೆಯಾಡುವ ಪೇಟೆಯಲ್ಲಿ ಸೋರುವ ಕೊಡ. ಕೊಳ್ಳುವವನು ನೋಡುವುದು ಹಿಂದಿನ ಏರಿಕೆಯ ಚಿತ್ರವನ್ನು. ಮಾಸ್ತರರ ಮಗನೂ ಅದನ್ನೇ ನೋಡಿದ್ದು.

ಇದು ಬರಿಯ ಕಾಗದದ ಲೆಕ್ಕವಲ್ಲವೆಂಬುದಕ್ಕೆ ಅಮೆರಿಕೆಯ ನಿಯಂತ್ರಕರೇ ಸಾಕ್ಷಿ ಹೇಳಿದ್ದಾರೆ. ಅಲ್ಲಿ ಎಸ್.ಇ.ಸಿ. ಎಂಬುದು ನಮ್ಮ ಸೆಬಿಯಂಥ ಸರಕಾರಿ ಸಂಸ್ಥೆ. ಫಿನ್ರಾ ಎಂಬುದು ದಳ್ಳಾಳಿಗಳ ಮೇಲೆ ಕಣ್ಣಿಡುವ ಸಂಸ್ಥೆ. 2009ರ ಆಗಸ್ಟಿನಲ್ಲಿ ಎರಡೂ ಕೂಡಿ ಜನರಿಗೆ ಒಂದು ಎಚ್ಚರಿಕೆ ಹೊರಡಿಸಿದವು. 2008ರ ಡಿಸೆಂಬರಿನಿಂದ 2009ರ ಏಪ್ರಿಲ್ ಕೊನೆಯವರೆಗಿನ ಐದು ತಿಂಗಳಲ್ಲಿ ಒಂದು ಸೂಚ್ಯಂಕ ಸುಮಾರು ಶೇಕಡಾ 8 ಏರಿತ್ತು. ಅದರ ಮುಮ್ಮಡಿ ಫಂಡು ಶೇಕಡಾ 24 ಏರಬೇಕಲ್ಲವೆ? ಅದು ಶೇಕಡಾ 53 ಇಳಿದಿತ್ತು. ಅದೇ ಸೂಚ್ಯಂಕದ ಮುಮ್ಮಡಿ ವಿಲೋಮ ಫಂಡು ಶೇಕಡಾ 90 ಇಳಿದಿತ್ತು. ಎದುರು ಬದುರು ನಿಂತು ಪಣ ಕಟ್ಟಿದ ಇಬ್ಬರ ಗಂಟೂ ಕರಗಿತು. ಅದೇ ವರ್ಷದ ಜೂನ್ ತಿಂಗಳಲ್ಲಿಯೇ ಫಿನ್ರಾ ತನ್ನ ದಳ್ಳಾಳಿಗಳಿಗೆ, ಒಂದು ದಿನಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳುವ ಸಾಮಾನ್ಯ ಹೂಡಿಕೆದಾರರಿಗೆ ಇಂಥ ಫಂಡುಗಳು ಸಾಮಾನ್ಯವಾಗಿ ತಕ್ಕವಲ್ಲವೆಂದು ತಿಳಿಸಿತ್ತು. ಹಾಗಿದ್ದೂ ವಯಸ್ಸಾದವರಿಗೆ, ಜಾಗ್ರತೆಯ ಹೂಡಿಕೆ ಬೇಕೆಂದವರಿಗೆ ಇವನ್ನು ಮಾರಿದರೆಂದು 2012ರ ಮೇ ತಿಂಗಳಲ್ಲಿ ನಾಲ್ಕು ದೊಡ್ಡ ದಳ್ಳಾಳಿ ಸಂಸ್ಥೆಗಳಿಂದ ದಂಡ ಮತ್ತು ಪರಿಹಾರ ಸೇರಿ 91 ಲಕ್ಷ ಡಾಲರಿಗೂ ಮೀರಿ ವಸೂಲು ಮಾಡಲಾಯಿತು.

ಮಾಸ್ತರರ ಮಗನ ಫಂಡಿಗೆ ಬರೋಣ. 2022ರಲ್ಲಿ ನ್ಯಾಸ್‌ಡ್ಯಾಕ್-100 ಸುಮಾರು ಶೇಕಡಾ 33 ಇಳಿಯಿತು. ಮುಮ್ಮಡಿ ಫಂಡು ಸುಮಾರು ಶೇಕಡಾ 79 ಇಳಿಯಿತು. ಶೇಕಡಾ 33 ಕಳೆದುಕೊಂಡವನು ಶೇಕಡಾ 50 ಗಳಿಸಿದರೆ ಮೊದಲಿನ ಜಾಗಕ್ಕೆ ಬರುತ್ತಾನೆ. ಶೇಕಡಾ 79 ಕಳೆದುಕೊಂಡವನು ಉಳಿದದ್ದನ್ನು ಸುಮಾರು ನಾಲ್ಕೂಮುಕ್ಕಾಲು ಪಟ್ಟು ಮಾಡಬೇಕು. ಮುಂದಿನ ವರ್ಷದ ಡಿಸೆಂಬರಿನಲ್ಲಿ ಸೂಚ್ಯಂಕ ತನ್ನ ಹಳೆಯ ಶಿಖರವನ್ನು ಮತ್ತೆ ಮುಟ್ಟಿದಾಗಲೂ ಮುಮ್ಮಡಿ ಫಂಡು ತನ್ನ ಹಳೆಯ ಶಿಖರಕ್ಕಿಂತ ಬಹಳ ಕೆಳಗೇ ಇತ್ತು. ನಡುವೆ ಭಯಪಟ್ಟು ಮಾರಿದವನಿಗಂತೂ ಆ ಏರಿಕೆಯೂ ಸಿಗಲಿಲ್ಲ. ಮಾರಬಾರದಿತ್ತು ಎಂದು ಈಗ ಹೇಳುವುದು ಸುಲಭ. 40,000 ಹೋಗಿ 8,400 ಉಳಿದಾಗ ಅದನ್ನಾದರೂ ಉಳಿಸಿಕೊಳ್ಳೋಣವೆನ್ನುವುದು ಮನುಷ್ಯ ಸ್ವಭಾವ.

ಇನ್ನು ನಿಯಮಗಳ ಕಥೆ. ಎಸ್.ಇ.ಸಿ. 2019ರ ನವೆಂಬರಿನಲ್ಲಿ ಒಂದು ಸೂಚನೆ ಮುಂದಿಟ್ಟಿತು. ಸಾಮಾನ್ಯ ಗಿರಾಕಿಗೆ ಈ ಫಂಡು ಕೊಳ್ಳಲು ಅನುಮತಿ ಕೊಡುವ ಮೊದಲು, ಆತನಿಗೆ ಇದರ ಅಪಾಯ ತಿಳಿಯುವ ಶಕ್ತಿ ಇದೆಯೆ ಎಂಬುದನ್ನು ದಳ್ಳಾಳಿ ವಿಚಾರಿಸಿ ನೋಡಬೇಕು ಎಂಬುದೇ ಆ ಸೂಚನೆ. ಜನರಿಂದ ಭಾರಿ ವಿರೋಧ ಬಂದಿತು. 2020ರ ಅಕ್ಟೋಬರಿನಲ್ಲಿ ಅಂತಿಮ ನಿಯಮ ಬಂದಾಗ ಆ ಭಾಗವನ್ನು ಕೈಬಿಟ್ಟಿದ್ದರು. ಬದಲಿಗೆ ಹೊಸ ಫಂಡುಗಳು ಹೆಚ್ಚು ಕಡಿಮೆ ಎರಡು ಪಟ್ಟಿಗಿಂತ ಮೇಲೆ ಹೋಗದಂತೆ ಮಿತಿ ಹಾಕಿದರು. ಆಗಲೇ ಇದ್ದ ಮುಮ್ಮಡಿ ಫಂಡುಗಳಿಗೆ ವಿನಾಯಿತಿ ಕೊಟ್ಟರು. (ಹಳೆಯ ಬಾವಿಗೆ ಕಟ್ಟೆಯಿಲ್ಲದಿದ್ದರೂ ಇರಲಿ, ಹೊಸ ಬಾವಿಗೆ ಕಟ್ಟೆ ಬೇಕು ಎಂಬ ಈ ನ್ಯಾಯ ನನಗಂತೂ ಹಿಡಿಸಲಿಲ್ಲ.) 2022ರ ಮಾರ್ಚಿನಲ್ಲಿ ಫಿನ್ರಾ ಮತ್ತೆ ಪ್ರಶ್ನೆ ಎತ್ತಿತು: ಇಂಥ ಜಟಿಲ ಹೂಡಿಕೆಗಳನ್ನು ಕೊಳ್ಳುವವರಿಗೆ ಪರೀಕ್ಷೆ ಇಡಬೇಕೆ, ಪ್ರತ್ಯೇಕ ಅನುಮತಿ ಬೇಕೆ, ಜನರ ಅಭಿಪ್ರಾಯವೇನು? ಸಾವಿರಾರು ಜನ ಸಣ್ಣ ಹೂಡಿಕೆದಾರರು ಕಾಗದ ಬರೆದರು. ಬಹುಪಾಲು ಜನರ ಮಾತು ಒಂದೇ: ನಮ್ಮ ಹಣ, ನಮ್ಮ ಇಷ್ಟ, ನಮಗೆ ದಾದಿ ಬೇಡ.

ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇದರ ಬೆನ್ನಿಗೆ ಗಟ್ಟಿಯಾದ ಎರಡು ವಾದಗಳುಂಟು. ಒಂದು, ಶ್ರೀಮಂತನಿಗೆ ತೆರೆದ ಬಾಗಿಲು ಬಡವನಿಗೆ ಏಕೆ ಮುಚ್ಚಬೇಕು? ಹಣವಿದ್ದವನಿಗೆ ಬುದ್ಧಿಯೂ ಇರುತ್ತದೆಂದು ಯಾವ ಶಾಸ್ತ್ರ ಹೇಳಿದೆ? ಎರಡನೆಯದು ಇನ್ನೂ ಗಟ್ಟಿ. ಈ ಫಂಡಿನಲ್ಲಿ ಹೆಚ್ಚೆಂದರೆ ಹಾಕಿದ ಹಣ ಹೋಗುತ್ತದೆ, ಅದಕ್ಕಿಂತ ಹೆಚ್ಚಲ್ಲ. ಸಾಲ ತೆಗೆದು ಶೇರು ಕೊಂಡವನು, ಆಪ್ಶನ್ ಕರಾರು ಬರೆದುಕೊಟ್ಟವನು ಮನೆ ಮಾರಿ ಬಾಕಿ ತೀರಿಸಬೇಕಾದೀತು. ಇಮ್ಮಡಿ ಫಂಡಿನ ಬಾಗಿಲು ಮುಚ್ಚಿದರೆ ಆಸೆ ಹತ್ತಿದವನು ಮನೆಗೆ ಹೋಗಿ ಮಲಗುವುದಿಲ್ಲ, ಪಕ್ಕದ ಬಾಗಿಲಿಗೆ ಹೋಗುತ್ತಾನೆ, ಅಲ್ಲಿರುವುದು ಇನ್ನೂ ಆಳವಾದ ಗುಂಡಿ.

ಈ ಎರಡನೆಯ ವಾದಕ್ಕೆ ನಮ್ಮ ದೇಶವೇ ನಿದರ್ಶನ. ನಮ್ಮ ಮ್ಯೂಚುವಲ್ ಫಂಡುಗಳು ಇಂಥ ಇಮ್ಮಡಿ ಆಟ ಆಡುವಂತಿಲ್ಲ. ಕರಾರುಗಳೂ ಸೇರಿ ಫಂಡಿನ ಒಟ್ಟು ಪಣ ಅದರ ಸ್ವಂತ ಆಸ್ತಿಯ ಬೆಲೆಯನ್ನು ಮೀರಬಾರದೆಂದು ಸೆಬಿಯ ಕಟ್ಟಪ್ಪಣೆ. ಆ ಬಾಗಿಲು ಭದ್ರವಾಗಿ ಮುಚ್ಚಿದೆ. ಆದರೆ ಪಕ್ಕದಲ್ಲಿ ಫ್ಯೂಚರ್ಸ್ ಮತ್ತು ಆಪ್ಶನ್ಸ್ ಪೇಟೆಯ ಹೆಬ್ಬಾಗಿಲು ವರ್ಷಾನುಗಟ್ಟಲೆ ತೆರೆದೇ ಇತ್ತು. ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಅಲ್ಲಿ ವ್ಯವಹರಿಸಿದ ಒಂದು ಕೋಟಿಗೂ ಮಿಕ್ಕ ಬಿಡಿ ವ್ಯಕ್ತಿಗಳಲ್ಲಿ ಶೇಕಡಾ 93 ಜನ ಹಣ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೀರಿದ್ದು. ಅವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜನ ತಮ್ಮ ವಾರ್ಷಿಕ ಆದಾಯ 5 ಲಕ್ಷದೊಳಗೆ ಎಂದು ಹೇಳಿಕೊಂಡವರು. 2023-24ರಲ್ಲಿ ಅವರ ಪೈಕಿ ಶೇಕಡಾ 43 ಜನ ಮೂವತ್ತು ವರ್ಷದ ಒಳಗಿನ ಮಕ್ಕಳು. ಈ ಹಣ ಆಕಾಶಕ್ಕೆ ಹಾರಿಹೋಗಲಿಲ್ಲ. ಗಳಿಸಿದವರು ದೊಡ್ಡ ದಳ್ಳಾಳಿ ಸಂಸ್ಥೆಗಳ ಸ್ವಂತ ಖಾತೆಗಳು ಮತ್ತು ವಿದೇಶಿ ಹೂಡಿಕೆ ಸಂಸ್ಥೆಗಳು. ಅವರ ಗಳಿಕೆಯ ಬಹುಪಾಲು ಯಂತ್ರಗಣಕ ತಾನೇ ನಡೆಸುವ ವ್ಯವಹಾರದಿಂದ ಬಂದದ್ದು. ಒಂದು ಕಡೆ ಊಟದ ಬಿಡುವಿನಲ್ಲಿ ಮೊಬೈಲು ನೋಡುವ ಹುಡುಗ, ಇನ್ನೊಂದು ಕಡೆ ಕಣ್ಣೆವೆ ಮುಚ್ಚುವುದರೊಳಗೆ ಸಾವಿರ ಲೆಕ್ಕ ಮಾಡುವ ಯಂತ್ರ. ಇದನ್ನು ಪೇಟೆ ಎನ್ನಬೇಕೋ ಬೇಟೆ ಎನ್ನಬೇಕೋ!

ಸೆಬಿ ಆಗ ಸುಮ್ಮನೆ ಕೂಡ್ರಲಿಲ್ಲ. 2024ರ ಅಕ್ಟೋಬರ್ 1ರಂದು ಆಜ್ಞೆ ಹೊರಡಿಸಿ, ಒಂದು ಕರಾರಿನ ಕನಿಷ್ಠ ಬೆಲೆಯನ್ನು 15 ಲಕ್ಷ ರೂಪಾಯಿಗೆ ಏರಿಸಿತು; ವಾರ ವಾರ ಮುಗಿಯುವ ಸೂಚ್ಯಂಕದ ಕರಾರುಗಳನ್ನು ಒಂದೊಂದು ವಿನಿಮಯ ಕೇಂದ್ರಕ್ಕೆ ಒಂದರಂತೆ ಮಿತಗೊಳಿಸಿತು; ಆಪ್ಶನ್ ಕೊಳ್ಳುವವನು ಪೂರ್ತಿ ಹಣವನ್ನು ಮುಂಗಡವಾಗಿ ಕೊಡಬೇಕೆಂದಿತು. ಇದರಿಂದ ವ್ಯವಹರಿಸುವವರ ಸಂಖ್ಯೆ ಇಳಿಯಿತು. ಆದರೆ 2025ರ ಜುಲೈಯಲ್ಲಿ ಬಂದ ಮುಂದಿನ ಅಧ್ಯಯನ ನೋಡಿದರೆ, 2024-25ರಲ್ಲಿಯೂ ಶೇಕಡಾ 91 ಜನ ಕಳೆದುಕೊಂಡಿದ್ದರು. ಆ ಒಂದು ವರ್ಷದ ನಷ್ಟ 1 ಲಕ್ಷ 5 ಸಾವಿರ ಕೋಟಿ ರೂಪಾಯಿಗೂ ಮಿಕ್ಕು. ಬಾಗಿಲು ಕಿರಿದಾದಾಗ ಒಳಗೆ ಹೋಗುವವರು ಕಡಿಮೆಯಾದರು, ಒಳಗೆ ಹೋದವರ ಹಣೆಬರಹ ಬದಲಾಗಲಿಲ್ಲ.

ನಿಷೇಧವೆಂದಾಗ ನಮ್ಮ ರಾಜ್ಯದ ಲಾಟರಿಯ ನೆನಪು ಬಾರದಿರದು. 2007ರಲ್ಲಿ ಕರ್ನಾಟಕದಲ್ಲಿ ಲಾಟರಿ ನಿಂತಿತು. ಸಂಬಳದ ದಿನ ಲಾಟರಿ ಅಂಗಡಿಯ ಮುಂದೆ ನಿಲ್ಲುತ್ತಿದ್ದ ಸಾಲುಗಳನ್ನು ನಾನು ಕಣ್ಣಾರೆ ಕಂಡವನು. ನಿಂತದ್ದು ಒಳ್ಳೆಯದೇ ಆಯಿತೆಂದು ಇಂದಿಗೂ ಹೇಳುತ್ತೇನೆ. ಹಾಗಿದ್ದರೂ 2015ರಲ್ಲಿ ಒಂದಂಕಿ ಲಾಟರಿಯ ಹಗರಣ ಬಯಲಾದಾಗ, ಕದ್ದುಮುಚ್ಚಿ ಅದು ಎಷ್ಟು ಬೆಳೆದಿತ್ತೆಂಬುದು ತಿಳಿಯಿತು. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಪಣವಿಡುವ ಆನ್‌ಲೈನ್ ಆಟಗಳನ್ನೂ ನಿಷೇಧಿಸಿತು. ಇಸ್ಪೀಟಿನ ಎಲೆಗೆ ನಿಷೇಧ, ಗುರುವಾರದ ಆಪ್ಶನ್ನಿಗೆ ಪರವಾನಗಿ! ಲಾಟರಿಯಿಂದ ಯಾವ ಉಪಯೋಗವೂ ಇಲ್ಲ. ಅದನ್ನು ನಿಲ್ಲಿಸಿದರೆ ಯಾರ ನ್ಯಾಯವಾದ ಕೆಲಸವೂ ನಿಲ್ಲುವುದಿಲ್ಲ. ವಿಲೋಮ ಫಂಡಿಗೆ ಹಾಗೆ ಹೇಳಲಾಗದು. ಕೈಯಲ್ಲಿರುವ ಶೇರುಗಳನ್ನು ಮಾರಲಾಗದವನು ಎರಡು ದಿನಗಳ ಬಿರುಗಾಳಿಯಿಂದ ತಪ್ಪಿಸಿಕೊಳ್ಳಲು ಅದನ್ನು ಕೊಡೆಯಂತೆ ಹಿಡಿಯಬಲ್ಲ. ಕೊಡೆಯನ್ನು ಮನೆಯ ಮಾಡೆಂದು ತಿಳಿದು ಅದರಡಿ ಸಂಸಾರ ಹೂಡಿದರೆ ಕೆಟ್ಟಿತು.

ಆದ್ದರಿಂದ ಪೂರ್ತಿ ನಿಷೇಧವೆಂಬ ಮಾಸ್ತರರ ಮಾತನ್ನು ನಾನು ಒಪ್ಪಲಾರೆ. ಹಾಗೆಂದು ಮಗನ ಮಾತನ್ನೂ ಪೂರ್ತಿ ಒಪ್ಪಲಾರೆ. "ಮೊದಲ ಪುಟದಲ್ಲೇ ಬರೆದಿತ್ತು" ಎನ್ನುತ್ತಾನೆ ಆತ. ಬರೆದಿರುತ್ತದೆ, ನಿಜ. 2018ರ ಫೆಬ್ರುವರಿ 5ರ ಸಂಗತಿಯನ್ನು ಆತ ನೆನಪಿಸಿಕೊಳ್ಳಲಿ. ಅಮೆರಿಕೆಯ ಪೇಟೆಯ ಕಳವಳವನ್ನು ಅಳೆಯುವ ವಿಕ್ಸ್ ಎಂಬ ಸೂಚ್ಯಂಕ ಅಂದು ಒಂದೇ ದಿನದಲ್ಲಿ ಇಮ್ಮಡಿಗಿಂತ ಹೆಚ್ಚಾಯಿತು. ಅದಕ್ಕೆ ವಿಲೋಮವಾಗಿ ಪಣ ಕಟ್ಟುವ, ಎಕ್ಸ್.ಐ.ವಿ. ಎಂದು ಹೆಸರಾದ ಒಂದು ಪತ್ರವಿತ್ತು. ಕಾಯಿದೆಯ ಭಾಷೆಯಲ್ಲಿ ಅದು ಫಂಡಲ್ಲ, ಒಂದು ಬ್ಯಾಂಕು ಬರೆದುಕೊಟ್ಟ ಸಾಲಪತ್ರ. ಗುಣದಲ್ಲಿ ಇವುಗಳ ಒಡಹುಟ್ಟು. ಒಂದು ರಾತ್ರಿ ಕಳೆಯುವುದರೊಳಗೆ ಅದರ ಬೆಲೆಯಲ್ಲಿ ಶೇಕಡಾ 90ಕ್ಕೂ ಹೆಚ್ಚು ಹೋಯಿತು. ಅದೇ ತಿಂಗಳು ಅದನ್ನು ಮುಚ್ಚಿದರು. ದೀರ್ಘಕಾಲ ಇಟ್ಟುಕೊಂಡರೆ ಇದರಿಂದ ನಿರೀಕ್ಷಿಸಬಹುದಾದ ಬೆಲೆ ಸೊನ್ನೆ ಎಂದು ಅದರ ವಿವರಣಾ ಪುಸ್ತಕದಲ್ಲೇ ಅಚ್ಚಾಗಿತ್ತು. ಕೊಟ್ಟವರು ಮುಚ್ಚಿಡಲಿಲ್ಲ. ಆದರೂ ಕೊಂಡವರಿದ್ದರು, ವರ್ಷಗಟ್ಟಲೆ ಇಟ್ಟುಕೊಂಡವರಿದ್ದರು. ನೂರಾರು ಪುಟಗಳ ಕಾಗದದಲ್ಲಿ ಸತ್ಯವನ್ನು ಬರೆದಿಡುವುದು ಬೇರೆ, ಸತ್ಯವನ್ನು ತಿಳಿಸುವುದು ಬೇರೆ. ಇಷ್ಟೇ ಸಾಕೆನ್ನುವ ನಿಯಂತ್ರಕನು ತನ್ನ ಕೈ ತೊಳೆದುಕೊಂಡನೇ ಹೊರತು ಕೆಲಸ ಮಾಡಲಿಲ್ಲ.

ದಕ್ಷಿಣ ಕೊರಿಯಾ ಹಿಡಿದ ದಾರಿ ನನಗೆ ಹೆಚ್ಚು ಒಪ್ಪಿಗೆಯಾಯಿತು. 2020ರ ಏಪ್ರಿಲಿನಲ್ಲಿ ಕಚ್ಚಾ ಎಣ್ಣೆಯ ಬೆಲೆ ಕುಸಿದಾಗ ಅಲ್ಲಿಯ ಸಾಮಾನ್ಯ ಜನ ಎಣ್ಣೆಯ ಇಮ್ಮಡಿ ಪತ್ರಗಳಿಗೆ ಮುಗಿಬಿದ್ದರು. ಬಳಿಕ ಅಲ್ಲಿಯ ಆಡಳಿತ ಎರಡು ಕಟ್ಟಳೆ ತಂದಿತು. ಇಮ್ಮಡಿ ಅಥವಾ ಇಮ್ಮಡಿ ವಿಲೋಮ ಫಂಡು ಕೊಳ್ಳಬೇಕೆನ್ನುವವನು ಮೊದಲು ಅದರ ಬಗ್ಗೆ ಒಂದು ತಾಸಿನ ಪಾಠ ಕೇಳಿ ಮುಗಿಸಬೇಕು. ಖಾತೆಯಲ್ಲಿ ಒಂದು ಕೋಟಿ ವಾನ್ ಠೇವಣಿ ಇರಬೇಕು. ಪಾಠದ ಕಟ್ಟಳೆ ಸರಿ. ಠೇವಣಿಯ ಕಟ್ಟಳೆಯ ಬಗ್ಗೆ ಮೊದಲು ನನಗೆ ಆಕ್ಷೇಪವಿತ್ತು. ಹಣದಿಂದ ಅರ್ಹತೆ ಅಳೆಯುವುದು ತರವಲ್ಲವೆಂದು ಈಗಷ್ಟೇ ಬರೆದೆನಲ್ಲ. ನಮ್ಮಲ್ಲಿಯೂ 2025ರ ಏಪ್ರಿಲಿನಿಂದ ಸೆಬಿ ವಿಶಿಷ್ಟ ಹೂಡಿಕೆ ನಿಧಿಗಳೆಂಬ ಹೊಸ ವರ್ಗ ತೆರೆದು, ಇಳಿಕೆಯ ಮೇಲೆ ಮಿತವಾಗಿ ಪಣ ಕಟ್ಟಲು ಅವಕ್ಕೆ ಅವಕಾಶ ಕೊಟ್ಟು, ಒಳಗೆ ಬರುವವನು ಕನಿಷ್ಠ 10 ಲಕ್ಷ ರೂಪಾಯಿ ತರಬೇಕೆಂದು ವಿಧಿಸಿದೆ. 10 ಲಕ್ಷವಿದ್ದವನು ಜಾಣನೆಂದು ಇದರ ಅರ್ಥವಲ್ಲ. ಆತ ಕಳೆದುಕೊಂಡರೆ ಮನೆಯ ಒಲೆ ಆರಲಿಕ್ಕಿಲ್ಲ ಎಂಬುದಷ್ಟೇ ಅರ್ಥ. ಬಡವನ ಹಕ್ಕನ್ನು ಕಿತ್ತುಕೊಂಡಂತೆ ಕಂಡರೂ ಅದರ ಹಿಂದಿರುವ ಕಾಳಜಿಯನ್ನು ಅಲ್ಲಗಳೆಯಲಾರೆ. ಆದರೂ ಪಾಠವೋ ಠೇವಣಿಯೋ ಒಂದನ್ನೇ ಆರಿಸಬೇಕೆಂದರೆ ಪಾಠವನ್ನೇ ಆರಿಸುವೆ.

ಆ ಪಾಠ "ಓದಿದ್ದೇನೆ, ಒಪ್ಪಿದ್ದೇನೆ" ಎಂಬ ಗುಂಡಿ ಒತ್ತಿ ಮುಗಿಸುವಂಥದಾಗಬಾರದು. ಮೇಲೆ ನಾವು ಮಾಡಿದ ಎರಡು ದಿನಗಳ ಲೆಕ್ಕವನ್ನೇ ಬೇರೆ ಅಂಕಿಗಳಿಂದ ಕೊಡಲಿ. 91 ಎಂಬಂಥ ಉತ್ತರ ತನ್ನ ಕೈಯಿಂದ ಬರೆದವನಿಗೆ ಮಾತ್ರ ಬಾಗಿಲು ತೆರೆಯಲಿ. 97 ಎಂದು ಬರೆದವನು ಮರಳಿ ಪಾಠಕ್ಕೆ ಕೂಡ್ರಲಿ. ಇದರಲ್ಲಿ ಯಾರ ಸ್ವಾತಂತ್ರ್ಯವೂ ಹೋಗುವುದಿಲ್ಲ. ವಾಹನ ಓಡಿಸಲು ಪರವಾನಗಿ ಕೇಳಿದರೆ ಯಾರೂ ದಾದಿ ಬೇಡವೆನ್ನುವುದಿಲ್ಲ.

ಒಂದು ಜಾತಿಯ ಫಂಡಿನ ವಿಷಯದಲ್ಲಿ ಮಾತ್ರ ನಾನು ಮಾಸ್ತರರ ಪಕ್ಷ. 2022ರ ಜುಲೈಯಿಂದ ಅಮೆರಿಕೆಯಲ್ಲಿ ಒಂದೇ ಕಂಪನಿಯ ಶೇರಿಗೆ ಕಟ್ಟಿದ ಇಮ್ಮಡಿ ಮತ್ತು ವಿಲೋಮ ಫಂಡುಗಳು ಬಂದಿವೆ. ನೂರು ಕಂಪನಿಗಳ ಸೂಚ್ಯಂಕ ಒಂದು ದಿನಕ್ಕೆ ಶೇಕಡಾ 10 ಅಲುಗುವುದು ಅಪರೂಪ. ಒಂದು ಕಂಪನಿಯ ಶೇರು ಒಂದು ಸುದ್ದಿಗೆ ಶೇಕಡಾ 30 ಹಾರಬಲ್ಲದು, ಬೀಳಬಲ್ಲದು. ಹಲವು ಕಂಪನಿಗಳಲ್ಲಿ ಹಂಚಿ ಹೂಡುವುದೇ ಫಂಡಿನ ಧರ್ಮ. ಅದನ್ನೇ ಬಿಟ್ಟ ಮೇಲೆ ಇದಕ್ಕೆ ಆ ಹೆಸರಾದರೂ ಏಕೆ? ಇದನ್ನು ಸಾಮಾನ್ಯ ಜನರಿಗೆ ಮಾರುವುದನ್ನು ನಿಯಂತ್ರಕರು ನಿಲ್ಲಿಸಿದರೆ ನಾನು ಮರುಗುವುದಿಲ್ಲ. ಎರಡು ಪಟ್ಟನ್ನು ಮೀರುವ ಹೊಸ ಫಂಡುಗಳಿಗೆ ಅನುಮತಿ ಕೇಳಿದ ಸಂಸ್ಥೆಗಳನ್ನು 2025ರ ಡಿಸೆಂಬರಿನಲ್ಲಿ ಎಸ್.ಇ.ಸಿ. ತಡೆದು ನಿಲ್ಲಿಸಿದ್ದು ತಕ್ಕ ಕೆಲಸ.

ಇಷ್ಟೆಲ್ಲ ಬರೆದ ಮೇಲೂ ಮಾಸ್ತರರ ಕಾಗದದ ಒಂದು ಸಾಲು ನನ್ನನ್ನು ಬಿಡಲಿಲ್ಲ. "ಹಣ ಹೋದದ್ದಕ್ಕಲ್ಲ ಶಾಸ್ತ್ರಿಗಳೇ, ಸೊಸೆಗೆ ಹೇಳದೇ ಇದ್ದನಲ್ಲ" ಎಂದು ಅವರು ಬರೆದಿದ್ದರು. ಎಸ್.ಇ.ಸಿ.ಯಾಗಲಿ ಸೆಬಿಯಾಗಲಿ ನೋಡುವುದು ಖಾತೆದಾರನೊಬ್ಬನನ್ನು. ಆತನ ವಯಸ್ಸೆಷ್ಟು, ಆದಾಯವೆಷ್ಟು, ಅಪಾಯ ತಾಳುವ ಶಕ್ತಿಯೆಷ್ಟು ಎಂದು ಕೇಳುತ್ತಾರೆ. ಆ ಹಣದಲ್ಲಿ ಇನ್ನೊಬ್ಬಳ ದುಡಿಮೆಯೂ ಇದೆಯೆ, ಆಕೆಗೆ ಇದು ಗೊತ್ತೆ ಎಂದು ಯಾವ ಫಾರ್ಮಿನಲ್ಲಿಯೂ ಕೇಳಿಲ್ಲ. "ನನ್ನ ಹಣ, ನನ್ನ ಇಷ್ಟ" ಎಂದು ಕಾಗದ ಬರೆದ ಆ ಸಾವಿರಾರು ಜನರಲ್ಲಿ ಎಷ್ಟು ಮಂದಿಯ ಹಣ ನಿಜವಾಗಿ ಅವರೊಬ್ಬರದೇ ಆಗಿತ್ತು? ಜಂಟಿ ಖಾತೆಯಿಂದ ಇಂಥ ಫಂಡಿಗೆ ಹಣ ಹೋಗುವಾಗಲಾದರೂ ಇಬ್ಬರ ಒಪ್ಪಿಗೆ ಬೇಕೆಂದು ನಿಯಮ ಮಾಡಬಹುದು. ಮಾಡುವುದು ಕಷ್ಟವೂ ಅಲ್ಲ. ಒಬ್ಬರ ಹೆಸರಿನ ಖಾತೆಯಲ್ಲಿ ಇಬ್ಬರ ಹಣವಿದ್ದರೆ ಯಾವ ಕಾಯಿದೆಯೂ ಅಲ್ಲಿಗೆ ಕೈ ಚಾಚಲಾರದು.

ಮಾಸ್ತರರ ಎರಡನೆಯ ಪ್ರಶ್ನೆ ಹೀಗಿತ್ತು: ಊರಲ್ಲಿರುವ ತಮ್ಮ ಹೆಸರಿನ ನಿವೇಶನವನ್ನು ಮಾರಿ ಮಗನ ನಷ್ಟ ತುಂಬಿಕೊಡಬೇಕೆ? ಬೇಡವೆಂದು ನಾನು ಒಂದೇ ಸಾಲಿನಲ್ಲಿ ಬರೆದೆ. ನನ್ನ ಕಾಗದ ಮುಟ್ಟುವ ಮೊದಲೇ ಮಗನಿಂದ ಫೋನು ಬಂದಿತ್ತಂತೆ. "ಜಾಗ ಮಾರಬೇಡಿರಿ ಅಪ್ಪಾಜಿ. ಉಳಿದ ಹಣವನ್ನು ಸಾಧಾರಣ ಸೂಚ್ಯಂಕದ ಫಂಡಿಗೆ ಹಾಕಿದ್ದೇವೆ. ಖಾತೆ ಈಗ ಇಬ್ಬರ ಹೆಸರಿನಲ್ಲಿದೆ" ಎಂದನಂತೆ.